ಬಣ್ಣದ ನೀರಿಗೆ ಸೂಕ್ಷ್ಮಜೀವಿ ಇಂಧನ ಕೋಶ ಮತ್ತು ಫೆಂಟನ್ ಕ್ರಿಯೆ: ಬಣ್ಣ ಹೋಯಿತು, ಸಿಒಡಿ ಹೋಗಲಿಲ್ಲ

ಬೆಣ್ಣೆತೊರೆ, ಕಲಬುರಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಪರಿಸರ ವಿಜ್ಞಾನದ ಸ್ನಾತಕೋತ್ತರ ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. 2023ರ ಮಾರ್ಚಿನಲ್ಲಿ ಪ್ರಕಟವಾದ ಏಳು ಪಿಎಂ ಮಿತ್ರ ಜವಳಿ ಪಾರ್ಕುಗಳ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ಹೆಸರೂ ಇತ್ತು. ನಾಳೆ ಇಲ್ಲಿ ನೂಲಿಗೆ ಬಣ್ಣ ಹಾಕುವ ಘಟಕಗಳು ಬಂದರೆ ಅವುಗಳ ನೀರು ಎಲ್ಲಿಗೆ ಹೋಗಬೇಕು, ಬೇಸಿಗೆಯಲ್ಲಿ ಹರಿವು ಕ್ಷೀಣಿಸುವ ಭೀಮೆಯಂತಹ ನದಿ ಅದನ್ನು ಹೇಗೆ ತಾಳಿಕೊಂಡೀತು ಎಂದು ಯೋಚಿಸುತ್ತಾ ಹೋದದ್ದೇ ಕೊನೆಗೆ ನನ್ನ ಪ್ರಬಂಧದ ವಿಷಯವಾಯಿತು.

ಬ್ಯಾಕ್ಟೀರಿಯಾಗಳಿಂದ ವಿದ್ಯುತ್ ಪಡೆಯುವ ಸೂಕ್ಷ್ಮಜೀವಿ ಇಂಧನ ಕೋಶವನ್ನೂ ಫೆಂಟನ್ ಕ್ರಿಯೆಯನ್ನೂ ಕೂಡಿಸಿದ ನನ್ನ ಜೋಡಣೆ ಹೀಗಿದೆ. ಅರ್ಧರ್ಧ ಲೀಟರಿನ ಎರಡು ಪ್ಲಾಸ್ಟಿಕ್ ಡಬ್ಬಿಗಳನ್ನು ಅಗರ್ ತುಂಬಿದ ಉಪ್ಪಿನ ಸೇತುವೆಯಿಂದ ಕೂಡಿಸಿದ್ದೇನೆ. ಎರಡರಲ್ಲೂ ಒಂದೇ ಅಳತೆಯ ಕಾರ್ಬನ್ ಫೆಲ್ಟ್ ತುಂಡುಗಳಿವೆ. ಗಾಳಿಯಾಡದಂತೆ ಮುಚ್ಚಿದ ಆನೋಡ್ ಡಬ್ಬಿಗೆ ಸಗಣಿಯ ರಾಡಿಯನ್ನೂ ಚರಂಡಿಯ ತಳದ ಕೆಸರನ್ನೂ ಹೆಪ್ಪಿನಂತೆ ಹಾಕಿ, ಲೀಟರಿಗೆ 1 ಗ್ರಾಂ ಸೋಡಿಯಂ ಅಸಿಟೇಟ್ ಮತ್ತು 50 ಮಿ.ಗ್ರಾಂ ಮೀಥೈಲ್ ಆರೆಂಜ್ ಎಂಬ ಬಣ್ಣವನ್ನು ಕರಗಿಸಿದ ನೀರನ್ನು ಉಣಿಸುತ್ತೇನೆ. ಅಲ್ಲಿ ಎರಡು ದಿನ ನಿಂತ ನೀರನ್ನು ಕ್ಯಾಥೋಡ್ ಡಬ್ಬಿಗೆ ಸುರಿದು, ಸಲ್ಫ್ಯೂರಿಕ್ ಆಮ್ಲದಿಂದ ಪಿಎಚ್ 3ಕ್ಕೆ ಇಳಿಸಿ, ಫೆರಸ್ ಸಲ್ಫೇಟ್ ಬೆರೆಸಿ, ಮೀನಿನ ತೊಟ್ಟಿಯ ಪಂಪಿನಿಂದ ಗಾಳಿ ಊದುತ್ತೇನೆ. ಬ್ಯಾಕ್ಟೀರಿಯಾ ಬಿಟ್ಟುಕೊಟ್ಟ ಎಲೆಕ್ಟ್ರಾನುಗಳು ತಂತಿಯಲ್ಲಿ ಹಾದು ಕ್ಯಾಥೋಡಿಗೆ ಬಂದು ಅಲ್ಲಿಯ ಆಮ್ಲಜನಕವನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಮಾರ್ಪಡಿಸಬೇಕು. ಆ ಪೆರಾಕ್ಸೈಡನ್ನು ಕಬ್ಬಿಣವು ಒಡೆದು ಹೈಡ್ರಾಕ್ಸಿಲ್ ರ್ಯಾಡಿಕಲ್ ಹುಟ್ಟಿಸಬೇಕು, ಇದೇ ಫೆಂಟನ್ ಕ್ರಿಯೆ. ಅದು ಉಳಿದ ಬಣ್ಣದ ಚೂರುಗಳನ್ನು ಉತ್ಕರ್ಷಿಸಬೇಕು. ಓದಿದ ಪ್ರಕಾರ ಆಗಬೇಕಾದದ್ದು ಇಷ್ಟು.

ಆದದ್ದು ಬೇರೆ. ಆನೋಡಿನಲ್ಲಿ ಎರಡನೆಯ ದಿನಕ್ಕೆ ಕಿತ್ತಳೆ ಬಣ್ಣ ಬಹುತೇಕ ಹೋಗುತ್ತದೆ, ಆದರೆ ಆ ನೀರನ್ನು ಬೀಕರಿನಲ್ಲಿ ಒಂದು ರಾತ್ರಿ ತೆರೆದಿಟ್ಟರೆ ಮಬ್ಬು ಕಂದು ಬಣ್ಣವೊಂದು ಮತ್ತೆ ಕಾಣಿಸಿಕೊಳ್ಳುತ್ತದೆ. ಮೂರು ವಾರಗಳ ನಂತರ ತಂತಿ ಬಿಚ್ಚಿ ಅಳೆದರೆ 0.62 ವೋಲ್ಟ್, 1000 ಓಮ್ ರೋಧಕ ಕೂಡಿಸಿ ಅಳೆದರೆ 0.14 ವೋಲ್ಟ್ ಬರುತ್ತಿದೆ. ಕ್ಯಾಥೋಡಿನಲ್ಲಿ ಪೆರಾಕ್ಸೈಡ್ ಇದೆಯೋ ಇಲ್ಲವೋ ಎಂದು ಹೇಳಲಾಗದಷ್ಟು ಕಡಿಮೆ ಸಿಗುತ್ತದೆ. ಸಿಒಡಿ (ನೀರಿನಲ್ಲಿರುವ ಕೊಳೆಯನ್ನು ರಾಸಾಯನಿಕವಾಗಿ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 310 ಮಿ.ಗ್ರಾಂ ಸುತ್ತಮುತ್ತಲಿಂದ ಕದಲುವುದಿಲ್ಲ. ಬೇಸತ್ತು ಒಂದು ಸಲ ಶೇಕಡಾ 30ರ ಪೆರಾಕ್ಸೈಡನ್ನು 2 ಮಿ.ಲೀ. ಕೈಯಿಂದಲೇ ಹಾಕಿ ಎರಡು ತಾಸು ಬಿಟ್ಟು ನೋಡಿದರೆ, ಸಿಒಡಿ ಇಳಿಯುವ ಬದಲು 520ಕ್ಕೆ ಏರಿತ್ತು.

ಪ್ಲಾಟಿನಂ ಲೇಪಿಸಿದ ಕಾರ್ಬನ್ ಬಟ್ಟೆಯನ್ನು ತರಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಸಹಪಾಠಿಗಳು ಹೇಳುತ್ತಾರೆ. ಮೊದಲು ಒಂದು ಎಲ್‌ಇಡಿ ದೀಪ ಹೊತ್ತಿಸಿ ತೋರಿಸು ಎಂದು ಮಾರ್ಗದರ್ಶಕರು ಹೇಳುತ್ತಾರೆ. ಈ ಎರಡು ಕ್ರಿಯೆಗಳನ್ನು ಒಂದೇ ಜೋಡಣೆಯಲ್ಲಿ ಕೂಡಿಸುವುದರಿಂದ ನಿಜವಾಗಿಯೂ ಲಾಭವಿದೆಯೆ, ಇದ್ದರೆ ನಾನು ಎಡವುತ್ತಿರುವುದು ಎಲ್ಲಿ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ವಿನಂತಿಸುತ್ತೇನೆ.

ಪಿಪೆಟ್, ಯಾದಗಿರಿ

ಮೊದಲು ಪ್ಲಾಟಿನಂ ತರಿಸುವ ಯೋಚನೆಯನ್ನು ಬಿಡಿ. ಆಮ್ಲಜನಕವು ಕ್ಯಾಥೋಡಿನಲ್ಲಿ ನಾಲ್ಕು ಎಲೆಕ್ಟ್ರಾನುಗಳನ್ನು ಪಡೆದರೆ ನೀರಾಗುತ್ತದೆ, ಎರಡನ್ನು ಮಾತ್ರ ಪಡೆದರೆ ಪೆರಾಕ್ಸೈಡ್ ಆಗುತ್ತದೆ. ಪ್ಲಾಟಿನಂ ಅದನ್ನು ನಾಲ್ಕರ ದಾರಿಗೆ ಎಳೆಯುತ್ತದೆ. ವಿದ್ಯುತ್ತೇ ಗುರಿಯಾದವರಿಗೆ ಅದು ಒಳ್ಳೆಯದು. ಪೆರಾಕ್ಸೈಡ್ ಬೇಕಾದ ನಿಮಗೆ ಲೇಪವಿಲ್ಲದ ಕಾರ್ಬನ್ ಅಥವಾ ಗ್ರಾಫೈಟ್ ಸಾಕು, ಮತ್ತು ಅದು ಈಗಾಗಲೇ ನಿಮ್ಮ ಡಬ್ಬಿಯಲ್ಲಿದೆ.

ಸಿಒಡಿ ಏರಿದ್ದಕ್ಕೆ ಕಾರಣ ಸರಳವಾದದ್ದು, ಆದರೆ ಪ್ರತಿ ವರ್ಷ ಯಾರಾದರೊಬ್ಬ ವಿದ್ಯಾರ್ಥಿ ಇದರಲ್ಲಿ ಸಿಕ್ಕಿಬೀಳುತ್ತಾರೆ. ಸಿಒಡಿ ಪರೀಕ್ಷೆಯ ಡೈಕ್ರೋಮೇಟ್, ಉಳಿದುಕೊಂಡ ಪೆರಾಕ್ಸೈಡನ್ನೂ ಉತ್ಕರ್ಷಿಸುತ್ತದೆ, 1 ಮಿ.ಗ್ರಾಂ ಪೆರಾಕ್ಸೈಡ್ ಸುಮಾರು 0.47 ಮಿ.ಗ್ರಾಂ ಸಿಒಡಿಯಂತೆ ಕಾಣಿಸಿಕೊಳ್ಳುತ್ತದೆ. ನೀವು ಹಾಕಿದ 2 ಮಿ.ಲೀ. ಎಂದರೆ ಅರ್ಧ ಲೀಟರಿನಲ್ಲಿ ಲೀಟರಿಗೆ ಸುಮಾರು 1300 ಮಿ.ಗ್ರಾಂ ಪೆರಾಕ್ಸೈಡ್. ಅದರಲ್ಲಿ 450 ಮಿ.ಗ್ರಾಂ ಉಳಿದಿದ್ದರೂ ನಿಮ್ಮ 210ರ ಏರಿಕೆಗೆ ಲೆಕ್ಕ ಸರಿಹೋಗುತ್ತದೆ. ಅಳೆಯುವ ಮುನ್ನ ಉಳಿಕೆಯನ್ನು ಕ್ಯಾಟಲೇಸ್ ಕಿಣ್ವದಿಂದಲೋ, ಮ್ಯಾಂಗನೀಸ್ ಡೈಆಕ್ಸೈಡ್ ಪುಡಿಯಿಂದಲೋ ಒಡೆದು, ಸೋಸಿ, ಆಮೇಲೆ ಸಿಒಡಿ ಇಡಿ. ಪೆರಾಕ್ಸೈಡ್ ಎಷ್ಟಿದೆ ಎಂಬುದಕ್ಕೆ ಟೈಟೇನಿಯಂ ಲವಣದೊಂದಿಗೆ ಬರುವ ಹಳದಿ ಬಣ್ಣದ ಪರೀಕ್ಷೆ ಸಣ್ಣ ಪ್ರಮಾಣಕ್ಕೂ ಒಗ್ಗುತ್ತದೆ.

ಬಣ್ಣ ಮರಳಿ ಬರುವುದೂ ಹೊಸದಲ್ಲ. ಮೀಥೈಲ್ ಆರೆಂಜಿನ ಬಣ್ಣವಿರುವುದು ಎರಡು ಸಾರಜನಕ ಪರಮಾಣುಗಳ ನಡುವಿನ ಅಜೋ ಬಂಧದಲ್ಲಿ. ಆನೋಡಿನ ಬ್ಯಾಕ್ಟೀರಿಯಾ ಆ ಬಂಧವನ್ನು ಅಪಕರ್ಷಿಸಿ ಕಡಿಯುತ್ತವೆ. ಒಂದು ಕಡೆ ಸಲ್ಫನಿಲಿಕ್ ಆಮ್ಲ, ಇನ್ನೊಂದು ಕಡೆ ಡೈಮೀಥೈಲ್ ಫೆನಿಲೀನ್ ಡೈಅಮೈನ್ ಉಳಿಯುತ್ತವೆ. ಎರಡನೆಯದು ಗಾಳಿ ತಾಗಿದರೆ ತಾನೇ ಉತ್ಕರ್ಷಣಗೊಂಡು ಬಣ್ಣ ಕಟ್ಟುತ್ತದೆ. ಎಂದರೆ ಆನೋಡಿನಲ್ಲಿ ನೀವು ನೋಡಿದ್ದು ಬಣ್ಣದ ಅಣು ಎರಡು ತುಂಡಾದದ್ದನ್ನು, ಅದು ಇಲ್ಲವಾದದ್ದನ್ನಲ್ಲ. ಈ ಬಗೆಯ ಆರೊಮ್ಯಾಟಿಕ್ ಅಮೈನುಗಳಲ್ಲಿ ಕೆಲವು ಮೂಲ ಬಣ್ಣಕ್ಕಿಂತ ಹೆಚ್ಚು ವಿಷಕಾರಿಯಾದವು, ಕೆಲವು ಕ್ಯಾನ್ಸರ್ ತರುವಂಥವು. ಗಾಳಿಯಿಲ್ಲದ ಕಡೆ ಅವು ಬಹುತೇಕ ಹಾಗೆಯೇ ಉಳಿಯುತ್ತವೆ. ಅವುಗಳನ್ನು ಮುಗಿಸಲು ಗಾಳಿಯಲ್ಲಿ ಬದುಕುವ ಬ್ಯಾಕ್ಟೀರಿಯಾ ಬೇಕು, ಇಲ್ಲವೇ ಫೆಂಟನ್ ಕ್ರಿಯೆ ಬೇಕು. ಆದ್ದರಿಂದ ಎರಡನ್ನೂ ಕೂಡಿಸುವುದರಲ್ಲಿ ಅರ್ಥವಿದೆ, ಮತ್ತು ಆನೋಡ್ ಮೊದಲು, ಕ್ಯಾಥೋಡ್ ಆಮೇಲೆ ಎಂಬ ನಿಮ್ಮ ಕ್ರಮವೂ ಸರಿಯಾಗಿದೆ.

ಎಡವಿರುವುದು ಪ್ರವಾಹದಲ್ಲಿ. 1000 ಓಮ್ ಮೇಲೆ 0.14 ವೋಲ್ಟ್ ಎಂದರೆ 0.14 ಮಿಲಿಆಂಪಿಯರ್. ಒಂದು ದಿನ ಪೂರ್ತಿ ಹರಿದರೆ ಅದು 3.4 ಮಿಲಿಆಂಪಿಯರ್-ಗಂಟೆ. ಒಂದು ಆಂಪಿಯರ್-ಗಂಟೆಯಿಂದ, ಒಂದು ಎಲೆಕ್ಟ್ರಾನೂ ವ್ಯರ್ಥವಾಗದಿದ್ದರೆ, 0.63 ಗ್ರಾಂ ಪೆರಾಕ್ಸೈಡ್ ಸಿಗಬಲ್ಲದು. ನಿಮಗೆ ದಿನಕ್ಕೆ ಸಿಗಬಲ್ಲದ್ದು ಹೆಚ್ಚೆಂದರೆ 2 ಮಿ.ಗ್ರಾಂ, ಅಂದರೆ ಲೀಟರಿಗೆ 4 ಮಿ.ಗ್ರಾಂ. ಅತ್ತ 50 ಮಿ.ಗ್ರಾಂ ಮೀಥೈಲ್ ಆರೆಂಜಿನ ಸೈದ್ಧಾಂತಿಕ ಸಿಒಡಿ ಸುಮಾರು 75 ಮಿ.ಗ್ರಾಂ, 1 ಗ್ರಾಂ ಸಿಒಡಿ ತೆಗೆಯಲು ಕನಿಷ್ಠ 2.1 ಗ್ರಾಂ ಪೆರಾಕ್ಸೈಡ್ ಬೇಕಾದ್ದರಿಂದ, ಲೀಟರಿಗೆ 160 ಮಿ.ಗ್ರಾಂ ಬೇಕಾಯಿತು. ಈ ವೇಗದಲ್ಲಿ ನೀವು ಒಂದು ತಿಂಗಳಿಗೂ ಮೇಲೆ ಕಾಯಬೇಕು. ರೋಧಕವನ್ನು ಕಿತ್ತೆಸೆದು ತಂತಿಯನ್ನು ನೇರವಾಗಿ ಕೂಡಿಸಿದರೂ ಹೆಚ್ಚೇನೂ ಆಗದು, ಏಕೆಂದರೆ 0.62 ವೋಲ್ಟಿನಲ್ಲಿ 0.48 ವೋಲ್ಟ್ ಕೋಶದ ಒಳಗೇ ಬೀಳುತ್ತಿದೆ. ಒಳರೋಧ 3400 ಓಮ್ ದಾಟಿದೆ. ಬಹುಪಾಲು ಅಡ್ಡಿ ಆ ಅಗರ್ ಸೇತುವೆಯದು. ಅದನ್ನು ತೆಗೆದುಹಾಕಿ.

ಸೇತುವೆಯ ಜಾಗಕ್ಕೆ ಅಯಾನುಗಳಿಗೆ ದಾರಿ ಬಿಡುವ ನಫಿಯಾನ್ ಪೊರೆ ದುಬಾರಿಯಾದರೆ ಹೊಳಪು ಕೊಡದ ಮಣ್ಣಿನ ಗಡಿಗೆ ಸಾಕು. ಖರಗಪುರದ ಐಐಟಿಯಲ್ಲಿ ಘಾಂಗ್ರೇಕರ್ ಮತ್ತು ಸಂಗಡಿಗರು ಅಕ್ಕಿ ಗಿರಣಿಯ ತ್ಯಾಜ್ಯ ನೀರಿಗೆ ಮಣ್ಣಿನ ಗಡಿಗೆಯ ಕೋಶವನ್ನು ಬಳಸಿ 2010ರಲ್ಲಿ ವರದಿ ಮಾಡಿದ್ದಾರೆ. ಗಡಿಗೆಯ ಒಳಗೆ ಆನೋಡ್, ಹೊರಗೆ ಸುತ್ತಲೂ ಫೆಲ್ಟ್ ಸುತ್ತಿ ಕ್ಯಾಥೋಡ್. ಬೇಸಿಗೆಯಲ್ಲಿ ನೀರು ತಣ್ಣಗಿಡಲು ಜಿನುಗುವ ಗೋಡೆಯೇ ಇಲ್ಲಿ ಅಯಾನುಗಳಿಗೂ ದಾರಿ ಬಿಡುತ್ತದೆ.

ಇನ್ನೂ ಎರಡು ಮಾತು. ನಿಮ್ಮ 310ರಲ್ಲಿ ಬಣ್ಣದ ಪಾಲು 75 ದಾಟಲಾರದು. ಉಳಿದದ್ದರಲ್ಲಿ ಹೆಚ್ಚಿನದು ನೀವೇ ಉಣಿಸಿ ಬ್ಯಾಕ್ಟೀರಿಯಾ ತಿಂದು ಮುಗಿಸದ ಅಸಿಟೇಟ್ ಇರಬೇಕು. ಅಸಿಟೇಟನ್ನು ಫೆಂಟನ್ ಕ್ರಿಯೆ ಸುಲಭವಾಗಿ ಮುಟ್ಟುವುದಿಲ್ಲ, ಬ್ಯಾಕ್ಟೀರಿಯಾಗಳಿಗೆ ಅದು ಸಕ್ಕರೆಯಷ್ಟು ಸುಲಭ. ಅದನ್ನು ಆನೋಡಿನಲ್ಲೇ ಮುಗಿಸಿ. ಎರಡನೆಯದು, ಮೀಥೈಲ್ ಆರೆಂಜ್ ಸ್ವತಃ ಒಂದು ಆಮ್ಲ ಸೂಚಕ, ಪಿಎಚ್ 4.4ರಿಂದ 3.1ಕ್ಕೆ ಇಳಿಯುವಾಗ ಹಳದಿಯಿಂದ ಕೆಂಪಿಗೆ ತಿರುಗುತ್ತದೆ. ಆನೋಡಿನ ಮಾದರಿಯನ್ನೂ ಕ್ಯಾಥೋಡಿನ ಮಾದರಿಯನ್ನೂ 464 ನ್ಯಾನೊಮೀಟರಿನ ಬೆಳಕಿನಲ್ಲಿ ಹಾಗೆಯೇ ಅಳೆದಿದ್ದರೆ ಆ ಅಂಕಿಗಳನ್ನು ಬದಿಗಿಡಿ, ಎಲ್ಲವನ್ನೂ ಪಿಎಚ್ 7ಕ್ಕೆ ತಂದು ಮತ್ತೆ ಅಳೆಯಿರಿ.

ಎಲ್‌ಇಡಿಯ ವಿಷಯ: ಕೆಂಪು ಎಲ್‌ಇಡಿಗೂ 1.6 ವೋಲ್ಟಿಗಿಂತ ಹೆಚ್ಚು ಬೇಕು, ಒಂದು ಕೋಶ ಅದನ್ನು ಎಂದಿಗೂ ಕೊಡದು. ಮಾರ್ಗದರ್ಶಕರಿಗೆ ದೀಪದ ಬದಲು ಪೆರಾಕ್ಸೈಡಿನ ಹಳದಿ ಬಣ್ಣವನ್ನು ತೋರಿಸಿ. ಆ ಎಲೆಕ್ಟ್ರಾನುಗಳನ್ನು ದೀಪಕ್ಕೆ ಕೊಟ್ಟರೆ ನೀರಿಗೆ ಕಡಿಮೆ ಬೀಳುತ್ತವೆ.

ಚಾದರ, ಅಫಜಲಪುರ

ನಾನು ಹನ್ನೆರಡು ವರ್ಷ ಸೋಲಾಪುರದ ಕಡೆ ನೂಲಿನ ಬಣ್ಣದ ಘಟಕಗಳಲ್ಲಿ ಇಟಿಪಿ (ತ್ಯಾಜ್ಯ ನೀರು ಶುದ್ಧೀಕರಣ ಘಟಕ) ನೋಡಿಕೊಂಡು, ಈಗ ಊರಿಗೆ ಮರಳಿದವನು. ಮೇಲಿನ ಲೆಕ್ಕಗಳನ್ನು ತಪ್ಪೆನ್ನಲು ನನಗೆ ಅಧಿಕಾರವಿಲ್ಲ, ಆದರೆ ತಂಗಿ, ನೀವು ಪ್ರಯೋಗಕ್ಕೆ ತೆಗೆದುಕೊಂಡ ನೀರು ಯಾವ ಘಟಕದಿಂದಲೂ ಬರುವ ನೀರಲ್ಲ. ಹತ್ತಿ ನೂಲಿಗೆ ಈಗ ಹೆಚ್ಚಾಗಿ ಹಾಕುವುದು ರಿಯಾಕ್ಟಿವ್ ಬಣ್ಣಗಳನ್ನು. ಅವು ನೂಲಿಗೆ ಹತ್ತಬೇಕಾದರೆ ಬಾನಿಯಲ್ಲಿ ಲೀಟರಿಗೆ 40ರಿಂದ 80 ಗ್ರಾಂ ಉಪ್ಪು ಇರಬೇಕು, ಸೋಡಾ ಆಶ್ ಹಾಕಿ ಪಿಎಚ್ 10.5ರ ಮೇಲೆ ಏರಿಸಬೇಕು. ಹಾಗೆ ಮಾಡಿದರೂ ಬಣ್ಣದಲ್ಲಿ ನೂರಕ್ಕೆ 10ರಿಂದ 40 ಪಾಲು ನೂಲಿಗೆ ಹತ್ತದೆ ನೀರಿನಲ್ಲೇ ಉಳಿಯುತ್ತದೆ. ಬಾನಿ ಬಿಟ್ಟಾಗ ಬರುವ ಈ ಬಿಸಿ, ಉಪ್ಪು, ಕ್ಷಾರದ ನೀರನ್ನು ನೇರವಾಗಿ ನಿಮ್ಮ ಬ್ಯಾಕ್ಟೀರಿಯಾಗಳ ಬಾಯಿಗೆ ಸುರಿದರೆ ಅವು ಮರುದಿನವೇ ಮಲಗುತ್ತವೆ.

ಅದನ್ನು ಪಿಎಚ್ 3ಕ್ಕೆ ಇಳಿಸುವ ಖರ್ಚನ್ನೂ ಒಮ್ಮೆ ಹಾಕಿ ನೋಡಿ. ಲೀಟರಿಗೆ ಬರಿ 1 ಗ್ರಾಂ ಸೋಡಾ ಆಶ್ ಉಳಿದಿದ್ದರೂ ಅದನ್ನು ಕೊಲ್ಲಲು ಸುಮಾರು 0.9 ಗ್ರಾಂ ಸಲ್ಫ್ಯೂರಿಕ್ ಆಮ್ಲ ಬೇಕು. ದಿನಕ್ಕೆ ಒಂದು ಲಕ್ಷ ಲೀಟರ್ ನೀರು ಬಿಡುವ ಘಟಕಕ್ಕೆ ಅದು 90 ಕಿಲೊ. ಇದರ ಮೇಲೆ ನಮ್ಮ ಬೋರಿನ ನೀರು. ಶಹಾಬಾದ, ಚಿತ್ತಾಪುರ, ಸೇಡಂ ಕಡೆ ನೆಲವೇ ಸುಣ್ಣಕಲ್ಲು. ನೀರು ತಾನಾಗಿ ಬೈಕಾರ್ಬನೇಟ್ ಹೊತ್ತು ಬರುತ್ತದೆ. ಅದು ಆಮ್ಲವನ್ನೂ ತಿನ್ನುತ್ತದೆ, ಉಳಿದುಕೊಂಡರೆ ನಿಮ್ಮ ಹೈಡ್ರಾಕ್ಸಿಲ್ ರ್ಯಾಡಿಕಲನ್ನೂ ತಿನ್ನುತ್ತದೆ. ಹಾಕಿದ ಆಮ್ಲ ಸಲ್ಫೇಟಾಗಿ ನೀರಿನಲ್ಲೇ ಉಳಿದು ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) ಏರಿಸುತ್ತದೆ. ಜವಳಿ ಘಟಕಗಳಿಗೆ 2016ರಲ್ಲಿ ಬಂದ ಕೇಂದ್ರದ ಮಾನಕಗಳಲ್ಲಿ ಸಿಒಡಿ 250, ಬಿಒಡಿ (ಬ್ಯಾಕ್ಟೀರಿಯಾ ಕೊಳೆಯನ್ನು ತಿನ್ನಲು ಬೇಕಾಗುವ ಆಮ್ಲಜನಕ) 30, ಬಣ್ಣ 150 ಪ್ಲಾಟಿನಂ-ಕೋಬಾಲ್ಟ್ ಮಾನ ಎನ್ನುವುದರ ಜೊತೆಗೆ ಟಿಡಿಎಸ್ 2100 ಎಂದೂ ಇದೆ. ನಿಮ್ಮ ಕೋಶವಾಗಲಿ, ಫೆಂಟನ್ ಆಗಲಿ ಒಂದು ಚಿಟಿಕೆ ಉಪ್ಪನ್ನೂ ತೆಗೆಯಲಾರವು. ಉಪ್ಪಿನ ಬಾನಿಯ ನೀರನ್ನು ಬೇರೆ ಕೊಳವೆಯಲ್ಲಿ ತೆಗೆದು, ಆರ್‌ಒ ಮತ್ತು ಬಾಷ್ಪೀಕರಣಕ್ಕೆ ಕಳಿಸುವುದೊಂದೇ ದಾರಿ. ನಿಮ್ಮ ಪಾಲಿಗೆ ಉಳಿಯುವುದು ನೂಲು ತೊಳೆದ ನೀರು.

ಒಂದು ಉಪಾಯ ಹೇಳುತ್ತೇನೆ. ಬ್ಯಾಕ್ಟೀರಿಯಾಗಳಿಗೆ ಅಸಿಟೇಟ್ ಕೊಂಡು ಹಾಕುವ ಘಟಕ ಎಲ್ಲಿಯೂ ಇರಲಾರದು. ನೇಯ್ದ ಬಟ್ಟೆಗೆ ಬಣ್ಣ ಹಾಕುವ ಕಡೆ ಮೊದಲು ಹಾಸಿನ ನೂಲಿಗೆ ಹಚ್ಚಿದ ಗಂಜಿಯನ್ನು ತೆಗೆಯುತ್ತಾರೆ. ಆ ಗಂಜಿ ನೀರು ಪೂರಾ ಪಿಷ್ಟ, ಬಿಒಡಿ ತುಂಬಿದ್ದು, ಇಟಿಪಿಗೆ ಅದೇ ದೊಡ್ಡ ಹೊರೆ. ಅದನ್ನೇ ಆನೋಡಿಗೆ ಉಣಿಸಿದರೆ ಎರಡು ಕೆಲಸ ಒಂದರಲ್ಲಿ ಆಗುತ್ತವೆ. ಇನ್ನು ಘಟಕದವರಿಗೆ ಅಡಿಗೆ ಉಪ್ಪಿನ ಬದಲು ಗ್ಲಾಬರ್ ಉಪ್ಪು (ಸೋಡಿಯಂ ಸಲ್ಫೇಟ್) ಬಳಸಲು ಹೇಳಿದರೆ, ಕ್ಲೋರೈಡ್ ಫೆಂಟನ್ನಿಗೆ ಮಾಡುವ ತೊಂದರೆ ತಪ್ಪುತ್ತದೆ.

ನಿಜ ಹೇಳಬೇಕೆಂದರೆ ಕರೆಂಟಿನ ಮಾತಿಗೆ ನನಗೆ ನಗು ಬರುತ್ತದೆ. ನಮ್ಮ ಇಟಿಪಿಯಲ್ಲಿ ಹಗಲು ರಾತ್ರಿ ಓಡುವ ಗಾಳಿಯ ಬ್ಲೋವರನ್ನು ಇಂಥ ಸಾವಿರ ಡಬ್ಬಿಗಳೂ ತಿರುಗಿಸಲಾರವು. ನನ್ನ ಪ್ರಶ್ನೆ ಬೇರೆ: ಫೆಂಟನ್ ಮಾಡಿದರೆ ಅನ್ನಭೇದಿ (ಫೆರಸ್ ಸಲ್ಫೇಟ್) ಹಾಕಿದಷ್ಟೂ ಕೆಂಪು ಕೆಸರು ಬೀಳುತ್ತದೆ, ಆ ಕೆಸರು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುತ್ತದೆ, ಅದನ್ನು ಸಾಗಿಸುವುದಕ್ಕೇ ಹಣ ಹೋಗುತ್ತದೆ. ನಿಮ್ಮ ಕೋಶ ಆ ಕೆಸರನ್ನು ಕಡಿಮೆ ಮಾಡುತ್ತದೆಯೆ? ಮಾಡುವುದಾದರೆ ಮಾಲೀಕರು ಕಿವಿಗೊಡುತ್ತಾರೆ.

ಪಿಪೆಟ್, ಯಾದಗಿರಿ

ಅನುಭವದ ಮಾತು, ಸರ್. ಕೆಸರಿನ ಪ್ರಶ್ನೆಗೆ ಉತ್ತರ ಹೌದು, ಮತ್ತು ಇಡೀ ಜೋಡಣೆಯ ನಿಜವಾದ ಲಾಭ ಅಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ. ಬೀಕರಿನ ಫೆಂಟನ್ ಕ್ರಿಯೆಯಲ್ಲಿ ಫೆರಸ್ ಕಬ್ಬಿಣ ಕ್ಷಣದಲ್ಲಿ ಫೆರಿಕ್ ಆಗುತ್ತದೆ, ಮತ್ತೆ ಫೆರಸ್ ಆಗುವುದು ಬಹಳ ನಿಧಾನ, ಆದ್ದರಿಂದ ಹೊಸ ಅನ್ನಭೇದಿ ಹಾಕುತ್ತಲೇ ಇರಬೇಕು. ಕ್ಯಾಥೋಡ್ ಇದ್ದರೆ ಅದೇ ಫೆರಿಕ್ ಕಬ್ಬಿಣ ಒಂದು ಎಲೆಕ್ಟ್ರಾನ್ ಪಡೆದು ಮತ್ತೆ ಫೆರಸ್ ಆಗುತ್ತದೆ. ಒಂದೇ ಕಬ್ಬಿಣ ಹಲವು ಸಲ ದುಡಿಯುತ್ತದೆ. ಆದರೆ ಆ ಎಲೆಕ್ಟ್ರಾನೂ ಪೆರಾಕ್ಸೈಡಿನ ಲೆಕ್ಕದಿಂದಲೇ ಹೋಗುವುದರಿಂದ ಪ್ರವಾಹವನ್ನು ಹೆಚ್ಚಿಸದೆ ಏನೂ ಸಾಗದು.

ಗ್ಲಾಬರ್ ಉಪ್ಪಿನ ಸಲಹೆಯನ್ನು ಮಾತ್ರ ಒಪ್ಪಲಾರೆ. ಕ್ಯಾಥೋಡಿಗೆ ಅದು ಹಿತ, ಆನೋಡಿಗೆ ಅಹಿತ. ಗಾಳಿಯಿಲ್ಲದ ಕಡೆ ಸಲ್ಫೇಟ್ ಸಿಕ್ಕರೆ ಅದನ್ನೇ ಉಸಿರಾಡುವ ಬೇರೆ ಬ್ಯಾಕ್ಟೀರಿಯಾಗಳು ಬೆಳೆದು, ತಂತಿಗೆ ಬರಬೇಕಾದ ಎಲೆಕ್ಟ್ರಾನುಗಳನ್ನು ಕದ್ದು, ಕೊಳೆತ ಮೊಟ್ಟೆಯ ವಾಸನೆಯ ಸಲ್ಫೈಡ್ ಮಾಡುತ್ತವೆ. ತಾವೇ ಹೇಳಿದ ಮಾನಕಗಳಲ್ಲಿ ಸಲ್ಫೈಡಿಗೂ 2 ಮಿ.ಗ್ರಾಂ ಮಿತಿಯಿದೆ. ಯಾವ ಉಪ್ಪಾದರೂ ಬಾನಿಯ ನೀರು ಆನೋಡಿಗೆ ಬರಬಾರದು.

ಸುರಂಗಬಾವಿ, ಬೀದರ್

ರಸಾಯನಶಾಸ್ತ್ರ ನನ್ನ ಕ್ಷೇತ್ರವಲ್ಲ, ನಾನು ಕಲ್ಲು ಮಣ್ಣು ಓದಿದವನು. ಆದರೂ ಆಮ್ಲದ ಖರ್ಚಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಕರಗಿದ ಕಬ್ಬಿಣಕ್ಕೆ ಪಿಎಚ್ 3 ಬೇಕೇ ಬೇಕು, ಅದರ ಮೇಲೆ ಹೋದರೆ ಫೆರಿಕ್ ಕಬ್ಬಿಣ ತಳಕ್ಕೆ ಕೂರುತ್ತದೆ. ಕಬ್ಬಿಣವನ್ನು ಕರಗಿಸದೆ ಗಟ್ಟಿ ಖನಿಜದ ರೂಪದಲ್ಲೇ ವೇಗವರ್ಧಕವಾಗಿ ಇಟ್ಟರೆ, ಮ್ಯಾಗ್ನಟೈಟ್ ಅಥವಾ ಗೋತೈಟ್‌ನಂತಹವು ತಟಸ್ಥದ ಹತ್ತಿರವೂ ಪೆರಾಕ್ಸೈಡನ್ನು ಒಡೆಯುತ್ತವೆ, ನಿಧಾನವಾಗಿ ಆದರೂ. ಬೀದರ್ ಕೋಟೆ ನಿಂತಿರುವುದೇ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಆ ಕೆಂಪು ಕಲ್ಲಿನ ಬಣ್ಣ ಗೋತೈಟ್ ಮತ್ತು ಹೆಮಟೈಟಿನದು. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಜಂಬಿಟ್ಟಿಗೆಯಿಂದ ತೆಗೆದ ಕಬ್ಬಿಣವನ್ನು ಫೆಂಟನ್ ಕ್ರಿಯೆಗೆ ಬಳಸಿದ ಪ್ರಯೋಗಗಳು ನಡೆದಿವೆ. ಕುಟ್ಟಿ, ಜರಡಿ ಹಿಡಿದು, ತೊಳೆದು ಒಣಗಿಸಿದ ಜಂಬಿಟ್ಟಿಗೆಯ ಹರಳನ್ನು ಕ್ಯಾಥೋಡಿನ ಸುತ್ತ ತುಂಬಿ ನೋಡಬಹುದು.

ಒಂದು ಎಚ್ಚರ. ಈ ಮಣ್ಣು ಬಣ್ಣವನ್ನು ಹೀರಿಕೊಳ್ಳುತ್ತದೆ. ಪೆರಾಕ್ಸೈಡ್ ಇಲ್ಲದೆ, ಬರಿ ಜಂಬಿಟ್ಟಿಗೆ ಹಾಕಿದ ಇನ್ನೊಂದು ಬೀಕರನ್ನು ಪಕ್ಕದಲ್ಲಿ ಇಡದಿದ್ದರೆ ಹೀರಿಕೊಂಡದ್ದನ್ನೇ ಉತ್ಕರ್ಷಣ ಎಂದು ಬರೆದುಬಿಡುತ್ತೀರಿ. ಅದೇ ಕಲ್ಲು ರಂಧ್ರಮಯವಾದ್ದರಿಂದಲೇ ನಮ್ಮ ನೌಬಾದಿನ ಸುರಂಗ ಬಾವಿಗೆ ನೀರು ಇಳಿದು ಬರುವುದು. ಬಣ್ಣದ ನೀರು ಮೇಲೆ ಚೆಲ್ಲಿದರೆ ಅದೂ ಅಷ್ಟೇ ಸಲೀಸಾಗಿ ಇಳಿಯುತ್ತದೆ.

ಬೆಣ್ಣೆತೊರೆ, ಕಲಬುರಗಿ

ಐದು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಕುಂಬಾರ ಓಣಿಯಿಂದ ತಂದ ಸಣ್ಣ ಗಡಿಗೆಯಲ್ಲಿ ಆನೋಡನ್ನು ಹೊಸದಾಗಿ ಕಟ್ಟಿದೆ. ಈಗ ತಂತಿ ಬಿಚ್ಚಿದಾಗ 0.58 ವೋಲ್ಟ್, 100 ಓಮ್ ಮೇಲೆ 0.14 ವೋಲ್ಟ್. ಅದೇ 0.14 ಎಂದು ಮಾರ್ಗದರ್ಶಕರು ನಿರಾಶರಾದರು. ಪ್ರವಾಹ ಹತ್ತು ಪಟ್ಟಾಗಿದೆ ಎಂದು ವಿವರಿಸಲು ಅರ್ಧ ತಾಸು ಬೇಕಾಯಿತು. ಟೈಟೇನಿಯಂ ಪರೀಕ್ಷೆಯಲ್ಲಿ ಮೊದಲ ಬಾರಿಗೆ ಹಳದಿ ಬಣ್ಣ ಕಂಡಿತು. ಕಬ್ಬಿಣ ಹಾಕದೆ ಒಂದು ದಿನ ಬಿಟ್ಟಾಗ ಲೀಟರಿಗೆ 17 ಮಿ.ಗ್ರಾಂ ಪೆರಾಕ್ಸೈಡ್ ಸಿಕ್ಕಿದೆ. ಪಿಪೆಟ್ ಮೇಡಂ ಅವರ ಲೆಕ್ಕದ ಪ್ರಕಾರ ಈ ಪ್ರವಾಹಕ್ಕೆ 42 ಸಿಗಬೇಕಿತ್ತು.

ಅಸಿಟೇಟಿನ ಬದಲು ಗಂಜಿಯನ್ನು ಕುದಿಸಿ ತೆಳ್ಳಗೆ ಮಾಡಿ ಉಣಿಸಿದೆ. ಮೊದಲ ವಾರ ಪ್ರವಾಹ ಅರ್ಧಕ್ಕೆ ಇಳಿಯಿತು, ಎರಡನೆಯ ವಾರದಿಂದ ಚೇತರಿಸಿಕೊಂಡಿತು. ತೊಂದರೆ ಇರುವುದು ಒಂದೇ: ಹೊರಗಿನ ಆಮ್ಲ ಗಡಿಗೆಯ ಗೋಡೆಯಲ್ಲಿ ಜಿನುಗಿ, ನಾಲ್ಕನೆಯ ದಿನಕ್ಕೆ ಆನೋಡಿನ ಪಿಎಚ್ 5.8ಕ್ಕೆ ಇಳಿಯುತ್ತದೆ, ಆಗ ಪ್ರವಾಹವೂ ಕುಸಿಯುತ್ತದೆ. ಪ್ರಯೋಗಾಲಯದಲ್ಲಿ ಮಧ್ಯಾಹ್ನ 39 ಡಿಗ್ರಿ ಇರುತ್ತದೆ, ಅದೂ ಕಾರಣವಿರಬಹುದೆ?

ಪಿಪೆಟ್, ಯಾದಗಿರಿ

17 ಒಳ್ಳೆಯ ಅಂಕಿ. ನೂರಕ್ಕೆ 40ರಷ್ಟು ಎಲೆಕ್ಟ್ರಾನುಗಳು ಪೆರಾಕ್ಸೈಡಾಗಿ ಉಳಿದಿವೆ ಎಂದಾಯಿತು. ಕೆಲವು ನೀರಾಗಿ ಹೋಗಿರುತ್ತವೆ, ಹುಟ್ಟಿದ ಪೆರಾಕ್ಸೈಡಿನಲ್ಲೂ ಒಂದಿಷ್ಟು ಅಲ್ಲೇ ಒಡೆದಿರುತ್ತದೆ. ಸೆಕೆ ಬ್ಯಾಕ್ಟೀರಿಯಾಗಳಿಗೆ ಇನ್ನೂ ಮಾರಕವಲ್ಲ, ಆದರೆ ಪೆರಾಕ್ಸೈಡಿಗೆ ಎರಡು ಕಡೆಯಿಂದ ಕೆಟ್ಟದು: ಬಿಸಿಗೆ ಅದು ಬೇಗ ಒಡೆಯುತ್ತದೆ, ಮತ್ತು 25 ಡಿಗ್ರಿಯಲ್ಲಿ ಲೀಟರಿಗೆ 8.3 ಮಿ.ಗ್ರಾಂ ಕರಗುವ ಆಮ್ಲಜನಕ 40 ಡಿಗ್ರಿಯಲ್ಲಿ 6.4 ಮಾತ್ರ ಕರಗುತ್ತದೆ. ಕ್ಯಾಥೋಡ್ ಫೆಲ್ಟಿನ ಒಂದು ಮುಖವನ್ನು ನೀರಿನ ಹೊರಗೆ ಗಾಳಿಗೆ ತೆರೆದಿಟ್ಟರೆ ಕರಗಿದ ಆಮ್ಲಜನಕಕ್ಕಾಗಿ ಕಾಯುವುದು ತಪ್ಪುತ್ತದೆ. ಪಂಪಿನ ಕರೆಂಟೂ ಉಳಿಯುತ್ತದೆ.

ಆಮ್ಲ ಜಿನುಗುವುದಕ್ಕೆ, ಹೊರಗಿನ ನೀರನ್ನು ನಾಲ್ಕು ದಿನ ಆಮ್ಲದಲ್ಲೇ ಇಡಬೇಡಿ. ಕ್ಯಾಥೋಡನ್ನು ತಟಸ್ಥದ ಹತ್ತಿರ ಓಡಿಸಿ, ಬೀದರಿನವರು ಹೇಳಿದ ಜಂಬಿಟ್ಟಿಗೆಯನ್ನು ಪ್ರಯತ್ನಿಸಿ. ಅದು ಸೋತರೆ ಆಮ್ಲ ಹಾಕಿ ಆರೆಂಟು ತಾಸು ಮಾತ್ರ ಓಡಿಸಿ ಖಾಲಿ ಮಾಡಿ. ಆ ಆಮ್ಲದ ನೀರನ್ನು ತಟಸ್ಥಗೊಳಿಸಲು ಶಹಾಬಾದ ಕಲ್ಲಿನ ಪುಡಿ ನಿಮ್ಮಲ್ಲಿ ಬೇಕಾದಷ್ಟಿದೆ, ಆದರೆ ಕಬ್ಬಿಣವಿರುವ ನೀರಿನಲ್ಲಿ ದಪ್ಪ ಹರಳಿನ ಮೇಲೆ ಕೆಂಪು ಪದರ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ. ನುಣ್ಣನೆಯ ಪುಡಿಯನ್ನೇ ಬಳಸಿ, ಪಿಎಚ್‌ನ ಕೊನೆಯ ಅರ್ಧ ಅಂಕಕ್ಕೆ ಸ್ವಲ್ಪ ಸುಣ್ಣದ ತಿಳಿ ಹಾಕಿ.

ಪ್ರಬಂಧ ಬರೆಯುವ ಮುನ್ನ ಇನ್ನೊಂದು ಜೋಡಿಯನ್ನು ಇಡುವುದನ್ನು ಮರೆಯಬೇಡಿ: ಎಲ್ಲವೂ ಹಾಗೆಯೇ ಇದ್ದು ತಂತಿ ಮಾತ್ರ ಬಿಚ್ಚಿದ ಗಡಿಗೆ. ಬಣ್ಣ ಅಲ್ಲಿಯೂ ಹೋಗುತ್ತದೆ, ಏಕೆಂದರೆ ಗಾಳಿಯಿಲ್ಲದ ಬ್ಯಾಕ್ಟೀರಿಯಾಗಳಿಗೆ ಅಜೋ ಬಂಧ ಕಡಿಯಲು ತಂತಿ ಬೇಕಿಲ್ಲ. ತಂತಿ ಕೂಡಿಸಿದ್ದರಿಂದ ಎಷ್ಟು ಹೆಚ್ಚಾಯಿತು ಎಂಬ ವ್ಯತ್ಯಾಸ ಮಾತ್ರ ನಿಮ್ಮ ಕೋಶದ ಸಂಪಾದನೆ. ಮೀಥೈಲ್ ಆರೆಂಜ್ ಮುಗಿದ ಮೇಲೆ ರಿಯಾಕ್ಟಿವ್ ಬ್ಲ್ಯಾಕ್ 5 ಎಂಬ ಬಣ್ಣ ತೆಗೆದುಕೊಳ್ಳಿ, ಅದು ಬೆಳಕು ಹೀರುವ ಶಿಖರ 597 ನ್ಯಾನೊಮೀಟರಿನ ಹತ್ತಿರ ಇರುತ್ತದೆ; ಘಟಕದ ನೀರಿನಲ್ಲಿ ಅದು ಇರುವಂತೆ ಕ್ಷಾರದಲ್ಲಿ ಕೆಲವು ತಾಸು ಕಾಯಿಸಿ, ತಟಸ್ಥಗೊಳಿಸಿ, ಆಮೇಲೆ ಉಣಿಸಿ. ಅಮೈನುಗಳು ಹೋದವೋ ಇಲ್ಲವೋ ಎಂದು ತಿಳಿಯಲು 200ರಿಂದ 300 ನ್ಯಾನೊಮೀಟರಿನ ನಡುವಣ ಪಟ್ಟಿಯನ್ನು ನೋಡಿ. ಕೊನೆಗೆ, ನೀರಿನ ವಿಷ ಇಳಿಯಿತೋ ಇಲ್ಲವೋ ಎಂದು ತಿಳಿಯಲು, ಪೆರಾಕ್ಸೈಡ್ ಒಡೆದು ಪಿಎಚ್ 7ಕ್ಕೆ ತಂದ ನೀರಿನಲ್ಲಿ ಒಂದು ತಟ್ಟೆ, ಆನೋಡಿನಿಂದ ಬಂದ ನೀರಿನಲ್ಲಿ ಒಂದು ತಟ್ಟೆ, ಬರಿ ನೀರಿನಲ್ಲಿ ಒಂದು ತಟ್ಟೆ, ಹೀಗೆ ಮೂರರಲ್ಲೂ ಇಪ್ಪತ್ತಿಪ್ಪತ್ತು ಬಿಳಿಜೋಳದ ಕಾಳುಗಳನ್ನು ಒದ್ದೆ ಸೋಸುಕಾಗದದ ಮೇಲೆ ಇಟ್ಟು, ಮೂರನೆಯ ದಿನ ಬೇರಿನ ಉದ್ದವನ್ನು ಅಳೆಯಿರಿ.